ತಲೆಯ ಮೇಲೆ ತಾಟು

ಆ ದನಿ ನನ್ನದು. ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದಾಗ ಯಾರೂ ನಂಬಲಿಲ್ಲ. ನಮ್ಮ ಓಣಿಯ ಮಠದ ಸಭೆಯ ಹಾಲಿನಲ್ಲಿ, ಹಣೆ ತುಂಬ ವಿಭೂತಿ ಧರಿಸಿದ ದೊಡ್ಡ ದೊಡ್ಡ ಮಂದಿ ತಾವು ಉಂಡ ತಾಟನ್ನು ತೊಳೆದು, ತೊಳೆದ ನೀರು ಕುಡಿದು, ಆ ತಾಟನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತದ್ದಕ್ಕೆ ಕಾರಣ ಯಾವ ಶಾಸ್ತ್ರವೂ ಅಲ್ಲ, ಯಾವ ಸ್ವಾಮಿಗಳೂ ಅಲ್ಲ. ನಾನು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂಡುತ್ತದೋ ಇಲ್ಲವೋ ಎಂದು ತಿರುವಿ ನೋಡುವ, ಗಡ್ಡ ಬಿಟ್ಟರೂ ಅದು ಗಡ್ಡ ಎಂದು ಯಾರೂ ಒಪ್ಪದ ನಾನು.

ನನಗೆ ಮಂದಿಯ ದನಿ ಹಿಡಿಯುವ ಚಟ. ಹುಬ್ಬಳ್ಳಿಯಿಂದ ಧಾರವಾಡದ ಕಡೆ ದಿನಾ ಚಿಗರಿ ಎಂಬ ಸಿಟಿ ಬಸ್ಸಿನಲ್ಲಿ ಹೋಗಿಬರುವಾಗ, ಮುಂದಿನ ನಿಲ್ದಾಣದ ಹೆಸರು ಹೇಳುವ ಆ ಹೆಣ್ಣುದನಿಗಿಂತ ಅರೆಗಳಿಗೆ ಮೊದಲು ನಾನೇ ಹೇಳಿ, ಇಳಿಯಬಾರದವರನ್ನು ಚೀಲ ಸಮೇತ ಎಬ್ಬಿಸಿ ನಿಲ್ಲಿಸಿದ್ದೇನೆ. ಅಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ಕಾಳಿನ ವ್ಯಾಪಾರ ಮುಗಿಸಿ ಬರುವ ಹೊತ್ತಿಗೆ, ಬಾಗಿಲ ಹೊರಗಿನಿಂದ ಅವರ ಕೆಮ್ಮು ಕೆಮ್ಮಿ ಅವ್ವನಿಂದ ಎಷ್ಟೋ ಸಲ ಚಹಾ ಇಡಿಸಿದ್ದೇನೆ. ನನ್ನನ್ನೂ ನಾನು ಬಿಟ್ಟಿಲ್ಲ. ಹುಡುಗಿಯರು ಎದುರಿಗೆ ಬಂದರೆ ನನ್ನ ದನಿ ತಾನಾಗಿಯೇ ಅರ್ಧ ಮೆಟ್ಟಿಲು ಕೆಳಗಿಳಿದು ದಪ್ಪಗಾಗುತ್ತದೆ. ಅದನ್ನು ಎಲ್ಲರಿಗಿಂತ ಮೊದಲು ಅಣಕಿಸಿದವನು ನಾನೇ. ಇವನಿಗೆ ಸ್ವಂತದ್ದೊಂದು ದನಿ ಅಂತ ಇದೆಯೋ ಇಲ್ಲವೋ ಎಂಬುದು ಮನೆಯವರ ಬಹುದಿನದ ಅನುಮಾನ.

ಈ ಚಟಕ್ಕೆ ನೀರೆರೆದವಳು ನನ್ನ ಅತ್ತೆ, ಅಪ್ಪನ ತಂಗಿ. ಗಂಡನ ಮನೆ ಬಿಟ್ಟು ಬಂದು ಬಹಳ ವರ್ಷವಾಗಿವೆ. ನಡುಮನೆಯ ಕಿಟಕಿಯ ಹತ್ತಿರ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಜಂಪರು ಹೊಲಿಯುತ್ತಾಳೆ, ಸೀರೆಗೆ ಫಾಲು ಹಚ್ಚುತ್ತಾಳೆ. ನಾನು ಯಾರದಾದರೂ ದನಿ ತಂದರೆ ಪೆಡಲಿನ ಮೇಲಿನ ಕಾಲು ನಿಲ್ಲಿಸಿ ಕಣ್ಣು ಮುಚ್ಚಿ ಕೇಳುತ್ತಾಳೆ. ಹಿಡಿಸಿದರೆ ಕಣ್ಣು ತೆರೆಯದೆ ನಗುತ್ತಾಳೆ. ಹಿಡಿಸದಿದ್ದರೆ ಪೆಡಲು ಮತ್ತೆ ಶುರು.

ಆಕೆಗೆ ಅಂತ ಇರುವುದು ಒಂದೇ ಜಾಗ. ಸೋಮವಾರ ಸಂಜೆ ಮಠದ ಹಾಲಿನಲ್ಲಿ ನಮ್ಮ ಬಳಗ ಸೇರುತ್ತದೆ. ಮೊದಲು ವಚನ ಹಾಡುವುದು, ಆಮೇಲೆ ಒಬ್ಬರು ನಾಲ್ಕು ಮಾತು ಹೇಳುವುದು, ಕಡೆಗೆ ಪ್ರಸಾದ. ಹಾಡು ಎತ್ತಿಕೊಡುವವಳು ಅತ್ತೆ. ಮುಂದಿನ ಸಾಲಿನ ನಡುವೆ ತಾಳ ಹಿಡಿದು ಕೂತು ಆಕೆ ಮೊದಲ ಸಾಲು ಹೇಳಿದರೆ ಹಾಲಿನ ತುಂಬ ಕೂತ ಮಂದಿ ಆ ಶ್ರುತಿಯಲ್ಲಿ ಬಂದು ಕೂಡುತ್ತಾರೆ. ವಾರವೆಲ್ಲ ಮಂದಿಯ ಅಳತೆಗೆ ಬಟ್ಟೆ ಕತ್ತರಿಸುವವಳು, ಅದೊಂದು ತಾಸು ತನ್ನ ಅಳತೆಗೆ ಮಂದಿಯನ್ನು ತರುತ್ತಾಳೆ. ಶ್ರಾವಣದಲ್ಲಿ ಮಠದಲ್ಲಿ ತಿಂಗಳ ಪ್ರವಚನ; ಆಗ ದಿನಾ ಹಾಡಬೇಕು, ಸುತ್ತಲಿನ ಊರವರೂ ಬರುತ್ತಾರೆ. ಅದಕ್ಕೆ ಆಕೆ ಹೊಲಿಯುತ್ತ ಹೊಲಿಯುತ್ತ ಹೊಸ ಧಾಟಿ ಕೂಡಿಸಿಕೊಳ್ಳುತ್ತಿದ್ದಳು.

ನಮ್ಮ ಬಳಗದವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಅಪ್ಪ ದವಾಖಾನೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಬೇಕಾದ ಪ್ರಸಂಗವೇ ಬರಲಿಲ್ಲ. ಬುತ್ತಿ ಬಂದೇ ಬಂದವು. ಆದರೆ ಬುತ್ತಿ ತಂದವರು ಬಾಗಿಲಲ್ಲಿ ನಿಂತು ನನ್ನ ಹಣೆ ನೋಡುತ್ತಿದ್ದರು. ವಿಭೂತಿ ಇದೆಯೋ, ಬೆವರಿಗೆ ಹೋಗಿದೆಯೋ, ಹಚ್ಚಿಕೊಂಡೇ ಇಲ್ಲವೋ. ಕೊರಳಿಗೆ ಕೈ ಹಾಕಿ ಲಿಂಗದ ದಾರ ಎಳೆದು ನೋಡುವ ಹಿರಿಯರೂ ಇದ್ದರು, ಡಾಕ್ಟರು ನಾಡಿ ನೋಡಿದ ಹಾಗೆ. ಬೇಕರಿಯಲ್ಲಿ ನಾನು ತಿಂದದ್ದು ಎಂಥ ಪಪ್ಸು ಎಂಬ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತಿತ್ತು. ಯಾರೂ ಬೈಯುವುದಿಲ್ಲ. ‘ನೋಡಿದ್ವಿ’ ಅನ್ನುತ್ತಾರೆ, ಅಷ್ಟೇ.

ಬಳಗಕ್ಕೆ ಹಿರಿಯರು ಒಬ್ಬರು. ಹತ್ತಿಯ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ಈಗ ನಮ್ಮನ್ನೆಲ್ಲ ನೋಡಿಕೊಂಡಿರುವವರು. ಎಲ್ಲರೂ ಅವರಿಗೆ ಯಜಮಾನರು ಎನ್ನುತ್ತಾರೆ. ಅವರ ದನಿ ಅಂದರೆ ಅಣಕಿಸುವವನ ಪಾಲಿಗೆ ಹೋಳಿಗೆ ಊಟ. ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಒಂದು ಒಣ ಕೆಮ್ಮು, ಒಂದು ಹಸಿ ಕೆಮ್ಮು. ಆಮೇಲೆ ‘ನೋಡ್ರಿ’ ಎಂದು, ನೋಡಲು ಪುರಸೊತ್ತು ಕೊಡುವಂತೆ ಸುಮ್ಮನಿರುವುದು. ಪ್ರತಿ ಮಾತಿನ ಬಾಲಕ್ಕೆ ‘ತಿಳೀತಿಲ್ರಿ?’ ಅವರ ಕೈಯಲ್ಲಿರುವುದು ಗುಂಡಿಯ ಹಳೆ ಫೋನು. ಆದ್ದರಿಂದ ಬಳಗದ ವಾಟ್ಸ್ಯಾಪಿಗೆ ಏನಾದರೂ ತಿಳಿಸಬೇಕಾದರೆ ಆ ಹೊತ್ತಿಗೆ ಪಕ್ಕದಲ್ಲಿ ಯಾರಿರುತ್ತಾರೋ ಅವರ ಫೋನಿನಲ್ಲಿ ಮಾತಾಡುತ್ತಾರೆ, ಅವರು ಅದನ್ನು ಎಲ್ಲರಿಗೂ ಕಳಿಸುತ್ತಾರೆ. ಯಜಮಾನರ ದನಿ ಯಾರ ಫೋನಿನಿಂದ ಬಂದರೂ ನಮ್ಮಲ್ಲಿ ಯಾರೂ ಯಾಕೆ ಅನ್ನುವುದಿಲ್ಲ.

ಒಂದು ದಿನ ಕಾರ್ಖಾನೆಯಲ್ಲಿ ಊಟದ ಹೊತ್ತು. ನಮ್ಮದೇ ಓಣಿಯ ಗೆಳೆಯ ನನ್ನ ಜೊತೆಗೇ ಕೆಲಸ ಮಾಡುತ್ತಾನೆ. ಅವನು ಡಬ್ಬಿಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ. ಎರಡೂ ಕೆಮ್ಮು ಕೆಮ್ಮಿ ನಾನು ಯಜಮಾನರಾದೆ. ಪ್ರಸಾದದ ತಾಟು ತೊಳೆದು ಆ ನೀರು ಕುಡಿಯುವುದು ನಮ್ಮ ಕಟ್ಟುನಿಟ್ಟಿನ ಹಳಬರಲ್ಲಿ ಇದ್ದದ್ದೇ. ಒಂದು ಅಗುಳೂ ಹಾಳಾಗಬಾರದು ಎಂದು. ಈಗ ಅದನ್ನು ಮಾಡುವವರು ಬಳಗದಲ್ಲಿ ಒಬ್ಬಿಬ್ಬರು ಮುದುಕರು ಮಾತ್ರ. ನಾನು ಅದಕ್ಕೆ ನನ್ನ ಕಡೆಯಿಂದ ಸ್ವಲ್ಪ ಒಗ್ಗರಣೆ ಹಾಕಿದೆ. ಗೆಳೆಯ ನಗುತ್ತ ತನ್ನ ಫೋನಿನಲ್ಲಿ ಹಿಡಿದುಕೊಂಡ.

‘ನೋಡ್ರಿ. ಪ್ರಸಾದದ ಒಂದು ಅಗಳ ಉಳದ್ರೂ ಅದು ಶಿವಗ ಬೆನ್ನ ತಿರುವಿದಂಗ. ಇನ್ನ ಮ್ಯಾಲ ಎಲ್ಲಾರೂ ತಾಟ ತೊಳದು ಆ ನೀರ ಕುಡೀರಿ. ಕುಡದದ್ದು ಖರೇ ಅಂತ ತೋರ್ಸಾಕ ತಾಟ ತೆಲಿ ಮ್ಯಾಲ ಬೋರಲ ಹಾಕ್ಕೋರಿ. ಒಂದು ಹನಿ ಬಿತ್ತೋ, ಹಿಂದಿನ ಸಾಲಿಗೆ ನಡೀರಿ. ತಿಳೀತಿಲ್ರಿ?’

ಅವತ್ತು ಸಂಜೆ ಗೆಳೆಯ ಅದನ್ನು ಮನೆಯಲ್ಲಿ ಮತ್ತೆ ಹಚ್ಚಿ ನಗುತ್ತಿದ್ದನಂತೆ. ಒಳಗೆ ಅವರವ್ವನ ಕಿವಿಗೆ ಬಿದ್ದದ್ದು ಯಜಮಾನರ ದನಿ. ಮಗನ ನಗು ಬೀಳಲಿಲ್ಲ. ಆತ ಕೈಕಾಲು ತೊಳೆಯಲು ಹೋದಾಗ ಆಕೆ ಆ ಫೋನಿನಿಂದ ತನ್ನ ಫೋನಿಗೆ, ತನ್ನ ಫೋನಿನಿಂದ ಬಳಗಕ್ಕೆ ಕಳಿಸಿಬಿಟ್ಟಳು. ಅವತ್ತು ತಡವಾಗಿ ಹೊರಟ ನಾನು ಇನ್ನೂ ಬಸ್ಸಿನಲ್ಲಿದ್ದೆ. ಫೋನು ತೆಗೆದರೆ ನನ್ನ ಅಣಕದ ಕೆಳಗೆ ಮುಗಿದ ಕೈಗಳ ಸಾಲು. ಒಬ್ಬರು, ಬಹಳ ದಿನದಿಂದ ಈ ಮಾತು ಬರಬೇಕಿತ್ತು ಎಂದು ಬರೆದಿದ್ದರು. ಇನ್ನೊಬ್ಬರು, ತಾಟಿನ ಬದಲು ಬಟ್ಟಲಲ್ಲಿ ಉಂಡರೆ ಹೇಗೆ ಎಂದು ಕೇಳಿದ್ದರು.

ಆಗಲೇ ಹೇಳಿಬಿಡಬೇಕಿತ್ತು. ಹೇಳಬೇಕೆಂದು ಬರೆದೆ, ಅಳಿಸಿದೆ. ಯಜಮಾನರು ತಾವೇ ‘ಇದು ನಾ ಅಲ್ಲ’ ಅನ್ನುತ್ತಾರೆ, ಮಂದಿ ನಗುತ್ತಾರೆ, ಮುಗಿಯುತ್ತದೆ ಎಂದುಕೊಂಡೆ. ಕನ್ನಡಕದ ಮಾಸ್ತರು ಅದನ್ನು ಯಜಮಾನರಿಗೆ ಕೇಳಿಸಿದಾಗ ನಾನು ಅಲ್ಲೇ ಇದ್ದೆ. ಈ ಮಾಸ್ತರು ಸಾಲಿ ಕಲಿಸಿ ನಿವೃತ್ತರಾದವರು. ಈಗ ಹಾಜರಿ ಹಿಡಿಯಲು ಹುಡುಗರು ಸಿಗುವುದಿಲ್ಲವಾದ್ದರಿಂದ ನಮ್ಮ ಬಳಗದ ಶಿಸ್ತನ್ನು ಹಿಡಿದಿದ್ದಾರೆ. ಯಜಮಾನರು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಕಿರಿದು ಮಾಡಿ ಪೂರಾ ಕೇಳಿದರು. ಕೇಳಿ ಮುಗಿಸಿ ತಲೆಯಾಡಿಸಿದರು.

‘ಸ್ವಲ್ಪ ಬಿರುಸಾತು. ಇರ್ಲಿ, ಹೇಳಬೇಕಾಗಿತ್ತು, ಹೇಳೇನಿ.’

ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಬಿರುದು ಜಗತ್ತಿನಲ್ಲಿ ಇಲ್ಲ. ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ ಎಂಬುದೊಂದೇ ಕೊರತೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನನಗೆ ನಗು ಬರುತ್ತಿತ್ತೋ ನಡುಕ ಬರುತ್ತಿತ್ತೋ ಗೊತ್ತಾಗದೆ, ಬೇರೆಯವರ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಸೋಮವಾರ ಬಂತು. ಉಂಡಾಯಿತು. ಮಾಸ್ತರು ನೀರಿನ ತಂಬಿಗೆ ಹಿಡಿದು ಸಾಲಿನ ನಡುವೆ ನಡೆದರು. ಎಲ್ಲರೂ ತಾಟು ತೊಳೆದರು, ಬೆರಳಿನಿಂದ ಸುತ್ತ ಬಳಿದರು, ಕುಡಿದರು. ಆಮೇಲೆ ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಈಗಲಾದರೂ ಯಾರಾದರೂ ನಗುತ್ತಾರೆ ಎಂದು ನಾನು ಕಾದೆ. ಯಜಮಾನರು ತಾಟು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಟಣ್ ಎಂದು ಒಂದು ಸಪ್ಪಳ, ಹಿಂದೆಯೇ ಸಾಲುಸಾಲಾಗಿ ಟಣ್ ಟಣ್. ಟೋಪಿಯ ಮೇಲೆ, ಬೋಳುತಲೆಯ ಮೇಲೆ, ಸೆರಗಿನ ಮೇಲೆ ಸ್ಟೀಲಿನ ತಾಟು. ಟ್ಯೂಬ್‌ಲೈಟಿಗೆ ಹಾಲೆಲ್ಲ ಹೊಳೆಯತೊಡಗಿತು. ನಾನೂ ಇಟ್ಟುಕೊಂಡೆ. ಇಟ್ಟುಕೊಂಡು ನಗು ತಡೆಯಲಿಕ್ಕೆ ಹೋಗಿ ತಲೆ ಅಲುಗಿತು, ಒಂದು ಹನಿ ಮೂಗಿನ ಮೇಲೆ ಬಿತ್ತು. ಮಾಸ್ತರು ಬೆರಳು ತೋರಿಸಿದರು. ಆ ನೇಮಕ್ಕೆ ಬಿದ್ದ ಮೊದಲ ಬಲಿ ಅದನ್ನು ಮಾಡಿದವನೇ. ಹಿಂದಿನ ಸಾಲಿಗೆ ಹೋಗಿ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂತೆ.

ಅಲ್ಲಿಂದ ನೋಡಿದಾಗ ಕಂಡಿತು. ಇಡೀ ಹಾಲಿನಲ್ಲಿ ತಾಟಿಲ್ಲದ ತಲೆ ಒಂದೇ. ಮುಂದಿನ ಸಾಲಿನ ನಡುವೆ, ಅತ್ತೆ.

ಆಕೆಗೆ ಸಕ್ಕರೆ ಕಾಯಿಲೆ. ನಮ್ಮ ಮಠದಲ್ಲಿ ಪ್ರಸಾದವೆಂದರೆ ಗೋಧಿ ಹುಗ್ಗಿ, ಬೆಲ್ಲ ಕೈ ಬಿಚ್ಚಿ ಹಾಕಿದ್ದು. ಬೇಡ ಎನ್ನುವಂತಿಲ್ಲ, ನೀಡುವವರ ಕೈ ಹಿಡಿಯುವಂತಿಲ್ಲ. ಇಷ್ಟು ದಿನ ಅತ್ತೆ ಕೈ ಹಚ್ಚುವ ಮೊದಲೇ ಪಕ್ಕದ ಹುಡುಗರ ತಾಟಿಗೆ ಅದನ್ನು ದಾಟಿಸಿ, ಒಂದು ಬೆರಳು ಬಾಯಿಗೆ ಹಚ್ಚಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಯಾರ ಕಣ್ಣಿಗೂ ಅದು ದೊಡ್ಡದಾಗಿರಲಿಲ್ಲ. ಅವತ್ತು ಮಾಸ್ತರು ಅವರವರ ತಾಟು ಅವರವರದು ಎಂದು ಹುಡುಗರನ್ನು ಬೇರೆ ಕೂರಿಸಿದ್ದರು. ರೊಟ್ಟಿ, ಪಲ್ಯ, ಅನ್ನ ಎಲ್ಲ ಉಂಡು ಅತ್ತೆ ಹುಗ್ಗಿಯ ಗುಡ್ಡೆ ಮುಂದಿಟ್ಟುಕೊಂಡು ಕೂತಿದ್ದಳು. ಹುಗ್ಗಿ ಇರುವ ತಾಟನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳಲಿಕ್ಕೆ ಬರುವುದಿಲ್ಲವಲ್ಲ.

ಮಾಸ್ತರು ಹತ್ತಿರ ಹೋಗಿ ನಿಂತರು. ತಾಟು ಹೊತ್ತ ತಲೆಗಳೆಲ್ಲ ಮೆಲ್ಲಗೆ, ಕೆಳಗೆ ಬೀಳದಂತೆ, ಆ ಕಡೆ ತಿರುಗಿದವು.

‘ಸಕ್ಕರಿ ಐತ್ರಿ ಮಾಸ್ತರ,’ ಅಂದಳು ಅತ್ತೆ. ‘ಡಾಕ್ಟರು ಬ್ಯಾಡ ಅಂದಾರ.’

‘ಪ್ರಸಾದ ಅಂದಮ್ಯಾಲ ಅದು ಹುಗ್ಗಿ ಅಲ್ರಿ ಅಕ್ಕಾರ. ಇಷ್ಟು ಮಂದಿಗೆ ಆಗದ್ದು ನಿಮಗೊಬ್ಬರಿಗೆ ಆಗತೈತೇನು?’

ಅತ್ತೆ ಜಗಳ ಆಡಲಿಲ್ಲ. ತಾಳವನ್ನು ಸೆರಗಿನಿಂದ ಒರೆಸಿ ನೆಲದ ಮೇಲೆ ಇಟ್ಟು, ತಾಟು ಹಿಡಿದುಕೊಂಡು ಎದ್ದು, ಹಿಂದೆ ಬಂದು ನನ್ನ ಪಕ್ಕದ ಹೆಂಗಸರ ಚಾಪೆಯ ಮೇಲೆ ಕೂತಳು. ನನ್ನ ಕಡೆ ನೋಡಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಒಂದು ಕಡೆ ಕೂತದ್ದು ನೆನಪಿಲ್ಲ. ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಹೋದೆ. ಕಾರ್ಖಾನೆಯಲ್ಲಿ ಚೆನ್ನಾಗಿದ್ದ ಮುಚ್ಚಳಗಳನ್ನು ಕೆಟ್ಟವೆಂದು ಎಸೆದು ಬೈಸಿಕೊಂಡೆ. ಮನೆಯಲ್ಲಿ ಊಟಕ್ಕೆ ಕೂತರೆ ಕಾಲು ತಾನೇ ಕುಣಿಯುತ್ತಿತ್ತು. ಹಂಗ ಕಾಲು ಕುಣಿಸಿದರೆ ಮನೆಗೆ ದರಿದ್ರ ಎಂದು ಅವ್ವ. ಯಾರ ದನಿಯನ್ನೂ ಹಿಡಿಯಲು ಮನಸ್ಸಾಗಲಿಲ್ಲ. ಹಿಡಿಯದಿದ್ದರೆ ಬಾಯಿಯಲ್ಲಿ ಏನೋ ಕಳೆದುಹೋದಂತೆ, ಹಲ್ಲು ಕೀಳಿಸಿಕೊಂಡವನು ನಾಲಿಗೆಯಿಂದ ಆ ಜಾಗ ಹುಡುಕಿದಂತೆ.

ಹಾಲಿನಲ್ಲಿ ಅತ್ತೆಯ ಜಾಗಕ್ಕೆ ಬೇರೊಬ್ಬ ಹೆಣ್ಣುಮಗಳನ್ನು ಕೂರಿಸಿದ್ದರು. ಭಕ್ತಿ ಬಹಳ, ಶ್ರುತಿ ಅದಕ್ಕಿಂತ ಬಹಳ. ಆಕೆ ಎತ್ತಿದ ಕಡೆ ಮುಟ್ಟಲು ಗಂಡಸರು ಹಿಮ್ಮಡಿ ಎತ್ತುತ್ತಿದ್ದರು, ಯಜಮಾನರು ಬಾಯಿ ಮಾತ್ರ ಆಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಅತ್ತೆ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ತನ್ನ ಶ್ರುತಿಯಲ್ಲಿ ತಾನು ಗುನುಗುತ್ತಿದ್ದಳು, ಪಕ್ಕದವರಿಗೆ ಮಾತ್ರ ಕೇಳುವಷ್ಟು. ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಸರಿದದ್ದು ಹುಗ್ಗಿಯ ಸಲುವಾಗಿ ಅಷ್ಟೇ ಅಲ್ಲ. ತಾಟಿನ ಮಾತು ಶುರುವಾದ ಮೇಲೆ ಉಳಿದ ಮಾತುಗಳೂ ಹೊರಗೆ ಬಂದಿದ್ದವು. ಗಂಡನ ಮನೆ ಯಾಕೆ ಬಿಟ್ಟಳು ಎಂಬುದು. ಜಂಪರಿನ ಬೆನ್ನು ಅಷ್ಟು ಇಳಿಸಿ ಯಾಕೆ ಹೊಲಿದುಕೊಡುತ್ತಾಳೆ ಎಂಬುದು. ಮನೆಗೆ ಹೊಲಿಸಲು ಬರುವವರು ಕಡಿಮೆಯಾದರು. ಬಂದವರು ಬಟ್ಟೆ ಕೊಟ್ಟು, ಹುಷಾರದೀರಿ ಅಲ್ರಿ ಅಂದು, ನೀರು ಕೂಡ ಕುಡಿಯದೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ರಜೆಯಲ್ಲಿ ಮನೆಯಲ್ಲಿದ್ದೆ. ಅವ್ವ ಇರಲಿಲ್ಲ. ಅತ್ತೆಯ ಹತ್ತಿರ ಹೋಗಿ, ಸೂಜಿಯ ಡಬ್ಬಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತ ನಿಂತೆ. ಆಕೆಯೇ ಪೆಡಲು ನಿಲ್ಲಿಸಿದಳು.

‘ಹಸಿ ಕೆಮ್ಮು ಸ್ವಲ್ಪ ಜಾಸ್ತಿ ಆಗಿತ್ತು ನೋಡು,’ ಅಂದಳು. ‘ಯಜಮಾನ್ರದು ಅಷ್ಟು ಎಳಿಯಂಗಿಲ್ಲ. ಉಳದದ್ದು ಛಲೋ ಇತ್ತು.’

ಡಬ್ಬಿ ನನ್ನ ಕೈಯಿಂದ ಬಿತ್ತು. ಸೂಜಿಗಳು ನೆಲದ ತುಂಬ. ಇಬ್ಬರೂ ಕೂತು ಆರಿಸತೊಡಗಿದೆವು. ಮೊದಲ ದಿನವೇ, ವಾಟ್ಸ್ಯಾಪಿನಲ್ಲಿ ಬಂದ ಕೂಡಲೇ ಗೊತ್ತಾಗಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ, ಎದ್ದು ಹಿಂದೆ ಯಾಕೆ ಬಂದು ಕೂತಿ ಎಂದು ನಾನು ಕೇಳಿದೆ. ಈ ಸೋಮವಾರ ನಾನೇ ಎದ್ದು ನಿಂತು ಹೇಳುತ್ತೇನೆ ಎಂದೆ.

‘ನೀ ಅಂತೂ ನಗಾಕ, ಚಾಷ್ಟಿಗೆ ಅಂದಿ. ತಾಟ ತೆಲಿ ಮ್ಯಾಲ ಇಟ್ಕೊಂಡಾವ್ರು ಚಾಷ್ಟಿಗೆ ಇಟ್ಕೊಂಡ್ರೇನು? ಯಾರರ ಅನ್ಲಿ ಅಂತ ಕಾಯಾಕತ್ತಿದ್ರಪಾ. ನೀ ಅನ್ನದಿದ್ರ ಇನ್ನೊಬ್ರು ಅಂತಿದ್ರು.’

ಇದನ್ನು ಆಕೆ ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಮೋಡ ಆಗುತ್ತದೆ ಅನ್ನುವ ಹಾಗೆ ಹೇಳಿದಳು. ಆದರೆ ಸೂಜಿ ಆರಿಸುವುದು ಮುಗಿದ ಮೇಲೂ ಯಂತ್ರದ ಮುಂದೆ ಹೋಗಲಿಲ್ಲ. ನೆಲದ ಮೇಲೆಯೇ ಕೂತು, ಕೂಡಿಸಿಕೊಂಡಿದ್ದ ಹೊಸ ಧಾಟಿಯನ್ನು ನನಗೆ ಹೇಳಿ ತೋರಿಸಿದಳು. ನಡುವೆ ಒಂದು ಕಡೆ ದನಿ ಮೇಲೆ ಹೋಗಿ, ಇನ್ನೇನು ಬೀಳುತ್ತದೆ ಅನ್ನುವಾಗ ತಿರುಗಿ ಮನೆಗೆ ಬರುವಂಥದ್ದು. ಶ್ರಾವಣಕ್ಕೆ ಯಾರು ಹಾಡಬೇಕೆಂದು ಬರುವ ಸೋಮವಾರ ನಿಶ್ಚಯ ಮಾಡುತ್ತಾರೆ ಎಂದಳು. ಆಮೇಲೆ, ಹಾಡದಿದ್ದರೆ ಇದನ್ನು ಏನು ಮಾಡುವುದು ಎಂದು ನನ್ನನ್ನು ಕೇಳಿದಳು. ತಮಾಷೆಗೆ ಏನಾದರೂ ಹೇಳಬೇಕಿತ್ತು. ನನಗೆ ಯಾರ ದನಿಯೂ ಸಿಗಲಿಲ್ಲ.

ಆ ಸೋಮವಾರ ಹಾಲು ಕಿಕ್ಕಿರಿದಿತ್ತು. ಹೆಬ್ಬಳ್ಳಿಯ ಕಡೆಯಿಂದಲೂ ಒಂದಿಬ್ಬರು ಹಿರಿಯರು ಬಂದಿದ್ದರು. ಪ್ರಸಾದಕ್ಕೆ ಮೊದಲು ಶ್ರಾವಣದ ಮಾತು ಬಂತು. ಹಾಡಿಗೆ ಯಾರು ಎಂದಾಗ ಯಾರೋ ಅತ್ತೆಯ ಕಡೆ ನೋಡಿದರು. ಮಾಸ್ತರು, ಮುಂದಿನ ಸಾಲಿನಲ್ಲಿ ಕೂರುವ ಅರ್ಹತೆಯೇ ಇಲ್ಲದವರು ಶ್ರಾವಣದಲ್ಲಿ ಎತ್ತಿ ಹಾಡುವುದು ಹೇಗೆ ಎಂದರು. ಅಕ್ಕಾರು ಇವತ್ತು ಎಲ್ಲರೆದುರು ತಾಟು ತೊಳೆದು ಕುಡಿದು ತೋರಿಸಲಿ, ಜಾಗ ಅವರದೇ. ಇಲ್ಲದಿದ್ದರೆ ಈ ವರ್ಷ ಅಷ್ಟೇ ಅಲ್ಲ, ಮುಂದೆಯೂ ಆ ಜಾಗದ ಮಾತು ಬೇಡ. ಎಲ್ಲರೂ ಹೌದೌದು ಎಂದರು. ಹೌದು ಎಂದವರಲ್ಲಿ ಅಪ್ಪ ದವಾಖಾನೆಯಲ್ಲಿದ್ದಾಗ ಬುತ್ತಿ ತಂದವರೂ ಇದ್ದರು.

ಅತ್ತೆ ತಲೆ ಬಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಉಣ್ಣುತ್ತಾಳೆ ಎಂದು ನನಗೆ ಆಗ ಅನ್ನಿಸಿತು. ಹಾಡಿನ ಆಸೆಗೆ ಆ ಹುಗ್ಗಿಯ ಗುಡ್ಡೆ ಉಂಡೇ ಬಿಡುತ್ತಾಳೆ. ಎದ್ದು ನಿಂತೆ.

‘ಆ ದನಿ ನಂದ್ರಿ.’

ಯಾವ ದನಿ ಎಂದು ಮಾಸ್ತರು ಕೇಳಿದರು. ತಾಟಿನ ಮಾತು ಹೇಳಿದ್ದು ಯಜಮಾನರಲ್ಲ, ನಾನು, ಕಾರ್ಖಾನೆಯಲ್ಲಿ ಊಟದ ಹೊತ್ತಿನಲ್ಲಿ ನಗಲಿಕ್ಕೆ ಹೇಳಿದ್ದು ಎಂದೆ. ಗೆಳೆಯನ ಕಡೆ ಕೈ ತೋರಿಸಿದೆ. ಆತ ಅವರವ್ವನ ಮುಖ ನೋಡಿ, ತನಗೆ ಅಷ್ಟು ನೆನಪಿಲ್ಲ ಎಂದ. ಸರಿ, ಹೇಳಿ ತೋರಿಸು ಎಂದರು ಯಾರೋ. ಹೇಳಿದೆ. ಹೊರಟದ್ದು ಯಜಮಾನರೂ ಅಲ್ಲ, ನಾನೂ ಅಲ್ಲ. ಸುಳ್ಳ ಎಂಬ ಹಳ್ಳಿಯ ಕಡೆಯಿಂದ ಟೆಂಪೋದಲ್ಲಿ ಬರುವ ಆಡಿನ ಮರಿ. ಹಾಲೆಲ್ಲ ನಕ್ಕಿತು. ತಂಬಿಗೆ ಎತ್ತಿ ನೀರು ಕುಡಿದು ಮತ್ತೆ ಹೇಳಿದೆ. ಈ ಸಲ ಒಣ ಕೆಮ್ಮು, ಹಸಿ ಕೆಮ್ಮು, ನೋಡ್ರಿ, ಎಲ್ಲ ಅದರದರ ಜಾಗದಲ್ಲಿ ಬಂತು. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಹಿಡಿದಿರಲಿಲ್ಲ. ಅತ್ತೆ ಕಣ್ಣು ಮುಚ್ಚಿದ್ದಳು.

ಮಾಸ್ತರು ಫೋನು ತೆಗೆದು ಹಳೆಯದನ್ನು ಹಚ್ಚಿದರು. ಒಂದಾದ ಮೇಲೊಂದು ಎರಡನ್ನೂ ಕೇಳಿದ ಬಳಗ ವಿಚಾರಕ್ಕೆ ಇಳಿಯಿತು. ಒಬ್ಬರು ಇವನದರಲ್ಲಿ ಆ ವಜನ ಇಲ್ಲ ಎಂದರು. ಇನ್ನೊಬ್ಬರು ದನಿ ಸ್ವಲ್ಪ ಹೌದು, ಆದರೆ ಮಾತಿನ ಹಿಂದೆ ಅನುಭವ ಇಲ್ಲ ಎಂದರು. ಹೆಬ್ಬಳ್ಳಿಯ ಹಿರಿಯರು, ಅಣಕ ಅಣಕವೇ, ಖರೇದು ಕೇಳಿದರೆ ತಿಳಿಯುತ್ತದೆ ಎಂದು ತೀರ್ಪು ಕೊಟ್ಟರು. ನನ್ನ ವಿಭೂತಿ, ನನ್ನ ಪಪ್ಸು, ನನ್ನ ನಡತೆ ಎಲ್ಲದರಲ್ಲಿ ನನ್ನನ್ನು ಕಡಿಮೆ ಹಾಕಿದವರು ಕಡೆಗೆ ನನಗೆ ಬರುವ ಒಂದೇ ವಿದ್ಯೆಯಲ್ಲೂ ಫೇಲು ಮಾಡಿದರು.

ಯಜಮಾನರು ಕೈ ಎತ್ತಿದರು. ಎರಡು ಸಲ ಗಂಟಲು ಸರಿಮಾಡಿಕೊಂಡರು. ಹಸಿಯದು ನಾನು ಎಳೆದದ್ದಕ್ಕಿಂತ ನಿಜವಾಗಿಯೂ ಗಿಡ್ಡ.

‘ನೋಡ್ರಿ. ಹುಡುಗ ಅತ್ತಿ ಸಲುವಾಗಿ ಸುಳ್ಳ ಹೇಳಾಕತ್ತಾನ, ಹೇಳ್ಲಿ, ಸಣ್ಣಾಂವ. ಅದನ್ನ ಅಂದಾಂವ ನಾನ. ನಾ ಅಂದದ್ದು ನನಗ ನೆನಪೈತಿ. ಅಂದಮ್ಯಾಲ ಸುಮ್ನ ಅಂದಿಲ್ಲ, ನಮ್ಮ ಮನ್ಯಾಗ ತಾಟ ತೊಳದು ಕುಡದ ಬೆಳದಾಂವ ನಾನು. ಇವತ್ತಿಗೂ ಬಿಟ್ಟಿಲ್ಲ. ತಿಳೀತಿಲ್ರಿ?’

ಎಲ್ಲರ ತಲೆಗಳೂ ತೂಗಿದವು. ಮಾಸ್ತರು ನನ್ನ ಭುಜದ ಮೇಲೆ ಕೈ ಇಟ್ಟು ಒತ್ತಿ ಕೂರಿಸಿದರು. ಒಳಗಿನಿಂದ ಹುಗ್ಗಿಯ ಪಾತ್ರೆ ಬಂತು. ಅತ್ತೆ ತಾಟನ್ನು ತನ್ನ ಮುಂದೆ ಎಳೆದುಕೊಂಡು ಸೌಟಿನ ಕಡೆ ನೋಡುತ್ತಿದ್ದಳು.

ಆಗ ಯಜಮಾನರ ಹೆಂಡತಿ, ಮಜ್ಜಿಗೆಯ ಕೊಡ ಹಿಡಿದು ಸಾಲಿನ ತುದಿಗೆ ಬಂದಿದ್ದ ಸಣಕಲು ಮುದುಕಿ, ಹುಗ್ಗಿ ನೀಡುವವನಿಗೆ ತಡೆ ಎಂದು ಕೈ ಮಾಡಿದರು. ಕೊಡ ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು, ಗಂಡನ ಕಡೆಗಲ್ಲ, ಮಾಸ್ತರ ಕಡೆಗೆ ತಿರುಗಿ, ದನಿ ಏರಿಸದೆ ಒಂದು ಮಾತು ಹೇಳಿದರು. ಅದನ್ನು ಕೇಳಿ ಯಜಮಾನರು ಪೇಟ ತೆಗೆದು ಅದರೊಳಗೆ ಏನೋ ಹುಡುಕತೊಡಗಿದರು. ಮಾಸ್ತರು ತಾವೇ ಹೋಗಿ ತಾಳ ತಂದು ಅತ್ತೆಯ ಮುಂದೆ ಇಟ್ಟರು. ಅವತ್ತು ತಾಟುಗಳು ನೆಲದ ಮೇಲೆಯೇ ಉಳಿದವು, ಮತ್ತೆ ತಲೆಗೆ ಏರಲಿಲ್ಲ. ನಾನು ಆ ಮಾತನ್ನು ಆಮೇಲೆ ಬಹಳ ಸಲ ಅಣಕಿಸಿ ನೋಡಿದ್ದೇನೆ. ಬರುವುದಿಲ್ಲ. ಆದ್ದರಿಂದ ಅವರು ಹೇಳಿದಂತೆಯೇ ಬರೆಯುತ್ತೇನೆ.

‘ಮದಿವ್ಯಾಗಿ ಬಂದಾಗಿಂದ ಇವರ ತಾಟ ತಿಕ್ಕಾಕಿ ನಾನ್ರಿ ಮಾಸ್ತರ. ನನಗ ತಿಕ್ಕಾಕ ಏನೂ ಉಳಸದ ಒಂದಿನರ ಇವರು ಎದ್ರಂದ್ರ, ಆವತ್ತ ಬಂದು ನಿಮಗ ಹೇಳ್ತೇನಿ. ಅಲ್ಲೀತನಾ ಆಕಿ ಹಾಡ್ಲಿ ಬಿಡ್ರಿ.’